ಶ್ರೀಲಂಕಾ ಸುತ್ತೋಕೆ ವ್ಯಾನಾ, ರೈಲಾ, ಬಸ್ಸಾ?

ಶ್ರೀಲಂಕಾಗೆ ಹೊರಟವರೆಲ್ಲ ಕೇಳೋದು ಇದನ್ನೇ: ಪೂರ್ತಿ ಟ್ರಿಪ್‌ಗೆ ಡ್ರೈವರ್ ಸಮೇತ ವ್ಯಾನ್ ಮಾಡೋದಾ, ಇಲ್ಲಾ ರೈಲು, ಬಸ್ಸಲ್ಲೇ ಓಡಾಡೋದಾ? ನಾನು ಒಮ್ಮೆ ಅಪ್ಪ, ಅಮ್ಮನ ಜೊತೆ ವ್ಯಾನಿನಲ್ಲಿ ಹೋದೆ, ಇನ್ನೊಮ್ಮೆ ಗೆಳತಿಯ ಜೊತೆ ಬ್ಯಾಗ್ ಹೆಗಲಿಗೇರಿಸಿಕೊಂಡು. ದಾರಿ ಹೆಚ್ಚೂಕಮ್ಮಿ ಅದೇ. ಸಿಗಿರಿಯ, ಕ್ಯಾಂಡಿ, ಎಲ್ಲಾ (ಬೆಟ್ಟದ ಮೇಲಿನ ಊರಿನ ಹೆಸರೇ ಅದು), ಗಾಲ್, ಕೊಲಂಬೊ. ನನ್ನ ಪ್ರಕಾರ ಇಡೀ ಟ್ರಿಪ್‌ಗೆ ಒಂದನ್ನೇ ಆರಿಸಿಕೊಳ್ಳಬಾರದು. ಯಾವ ಊರಿಂದ ಯಾವ ಊರಿಗೆ ಅನ್ನೋದರ ಮೇಲೆ ಗಾಡಿ ಬದಲಾಗಬೇಕು.

ಏರ್‌ಪೋರ್ಟ್‌ನಿಂದ ಸಿಗಿರಿಯ, ಅಲ್ಲಿಂದ ಕ್ಯಾಂಡಿ: ಇಲ್ಲಿ ವ್ಯಾನೇ ಸರಿ. ಸಿಗಿರಿಯದ ಬಂಡೆಕೋಟೆ, ದಂಬುಲ್ಲ ಗುಹೆ, ಹಳೇ ರಾಜಧಾನಿ ಪೊಲೊನ್ನರುವ ಮೂರೂ ಒಂದೊಂದು ದಿಕ್ಕಿಗಿವೆ. ಬಸ್ಸಲ್ಲಿ ಹೋದರೆ ದಂಬುಲ್ಲದಲ್ಲಿ ಬದಲಾಯಿಸಿ, ಆಟೊ ಹಿಡಿದು, ಬಂಡೆ ಬುಡಕ್ಕೆ ಬರೋ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಸಿಗಿರಿಯದಲ್ಲಿ ಸುಮಾರು 1,200 ಮೆಟ್ಟಿಲು. ವ್ಯಾನಿದ್ದಾಗ ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿದ್ದೆವು, ಅಪ್ಪ ದಾರಿಯಲ್ಲಿರೋ ದೊಡ್ಡ ಸಿಂಹದ ಪಾದದ ಶಿಲ್ಪದವರೆಗೆ ಹತ್ತಿ ಸಾಕಪ್ಪಾ ಅಂತ ಕೂತರು, ಅಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ತುದಿಗೇ ಹೋಗಿ ಬಂದರು. ಟಿಕೆಟ್ ತಗೊಳ್ಳುವಾಗ ಪಾಸ್‌ಪೋರ್ಟ್ ತೋರಿಸಿ, ಭಾರತವೂ ಸೇರಿ ಸಾರ್ಕ್ ದೇಶದವರಿಗೆ ದರ ಕಡಿಮೆ.

ಆದರೆ ವ್ಯಾನಿನ ಕಾಟ ಬೇರೆ. ಮಾತಲೆ ಹತ್ತಿರ ನಮ್ಮ ಡ್ರೈವರ್ "ಹತ್ತೇ ನಿಮಿಷ" ಅಂತ ಒಂದು ಮಸಾಲೆ ತೋಟಕ್ಕೆ ನುಗ್ಗಿಸಿದರು. ಏಲಕ್ಕಿ, ಕಾಳುಮೆಣಸು ಗಿಡ ನೋಡೋಕೆ ನಾವು ಸಮುದ್ರ ದಾಟಿ ಹೋಗಬೇಕಿತ್ತಾ! ಅಪ್ಪನ ಮೊಣಕಾಲಿಗೆ ಯಾವುದೋ ಎಣ್ಣೆ ತಿಕ್ಕಿದರು, ಆಮೇಲೆ ಬಾಟಲಿ ಬೆಲೆ ಹೇಳಿದರು. ಕ್ಯಾಂಡಿಯಲ್ಲಿ ಮತ್ತೆ ಹರಳಿನ ಅಂಗಡಿ. ಕಮಿಷನ್ ವ್ಯವಹಾರ, ಬಿಡಿ. ಮಾತಾಡಿಕೊಳ್ಳುವಾಗಲೇ ಅಂಗಡಿ ಬೇಡ ಅಂತ ವಾಟ್ಸಾಪಲ್ಲಿ ಬರೆದು ಹಾಕಿ. ಪೆಟ್ರೋಲು, ಟೋಲ್, ಡ್ರೈವರ್ ಉಳಿಯೋ ಖರ್ಚು ಸೇರಿದೆಯಾ ಅಂತಲೂ ಕೇಳಿ. ದೊಡ್ಡ ಹೋಟೆಲ್‌ಗಳಲ್ಲಿ ಡ್ರೈವರ್‌ಗೆ ಬೇರೆ ರೂಮ್ ಇರುತ್ತದೆ, ಸಣ್ಣ ಹೋಮ್‌ಸ್ಟೇಗಳಲ್ಲಿ ಸಾಮಾನ್ಯವಾಗಿ ಇರಲ್ಲ.

ಕ್ಯಾಂಡಿಯಿಂದ ಎಲ್ಲಾಗೆ ರೈಲು. ಇದರಲ್ಲಿ ಚರ್ಚೆಯೇ ಇಲ್ಲ, ಆರೇಳು ಗಂಟೆ ಹಿಡಿದರೂ ಸರಿ. ಜಾಸ್ತಿ ದುಡ್ಡು ಕೊಟ್ಟು ಫಸ್ಟ್ ಕ್ಲಾಸ್ ಎಸಿ ತಗೋಬೇಡಿ, ಅದರ ಕಿಟಕಿ ತೆಗೆಯೋಕಾಗಲ್ಲ. ಸೆಕೆಂಡ್ ಕ್ಲಾಸ್ ರಿಸರ್ವ್ಡ್ ಸಾಕು, ತಣ್ಣನೆ ಗಾಳಿ, ಚಹಾ ತೋಟ ಎರಡೂ ಮುಖಕ್ಕೇ ಬರುತ್ತವೆ. ಬುಟ್ಟಿ ಹಿಡಿದು ವಡೆ ಮಾರೋರು ಹತ್ತುತ್ತಾರೆ, ಯಾವುದೋ ಮಗುವಿನ ಹಳೇ ನೋಟ್‌ಬುಕ್ ಹಾಳೆಯಲ್ಲೇ ಕಟ್ಟಿ ಕೊಡುತ್ತಾರೆ. ನನ್ನ ಪೊಟ್ಟಣದ ಮೇಲೆ ಕೆಂಪು ಶಾಯಿಯ ರೈಟ್ ಮಾರ್ಕ್ ಇತ್ತು! ಸಸ್ಯಾಹಾರಿಗಳು ನೋಡಿಕೊಂಡು ತಗೊಳ್ಳಿ, 'ಇಸ್ಸೊ ವಡೆ' ಅಂದರೆ ಮೇಲೆ ಇಡೀ ಸೀಗಡಿ ಕೂತಿರುತ್ತದೆ. ಹೋಟೆಲ್‌ಗಳಲ್ಲಿ ಕೊಡೋ ಪೊಲ್ ಸಂಬೋಲ್ ನಮ್ಮ ಕಾಯಿ ಚಟ್ನಿ ಥರ ಕಂಡರೂ ಅದರಲ್ಲಿ ಎಷ್ಟೋ ಸಲ ಒಣಮೀನಿನ ಪುಡಿ ಇರುತ್ತದೆ, ಕೇಳಿಯೇ ಬಡಿಸಿಕೊಳ್ಳಿ.

ಟಿಕೆಟ್ ಸಿಗೋದೇ ಕಷ್ಟ. 30 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ನೋಡನೋಡುತ್ತ ಖಾಲಿ. ಸಿಗದಿದ್ದರೆ ನಡುವಿನ 'ನಾನುಓಯ' ಅನ್ನೋ ಸ್ಟೇಷನ್‌ನಿಂದ ಎಲ್ಲಾವರೆಗೆ ಮಾತ್ರ ಹೋಗಿ. 1,898 ಮೀಟರ್ ಎತ್ತರದ ಪಟ್ಟಿಪೊಳ ಸ್ಟೇಷನ್ ಆ ಭಾಗದಲ್ಲೇ ಬರುತ್ತದೆ, ನನಗಂತೂ ಅದೇ ಹೆಚ್ಚು ಇಷ್ಟವಾಯಿತು. 2025ರ ನವೆಂಬರ್‌ನಲ್ಲಿ ದಿತ್ವಾ ಚಂಡಮಾರುತ ಈ ಹಳಿಗೆ ಭಾರಿ ಪೆಟ್ಟು ಕೊಟ್ಟಿದೆ, ಹಾಗಾಗಿ ರೈಲು ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಅಂತ ನೋಡಿಕೊಂಡೇ ಪ್ಲಾನ್ ಮಾಡಿ. ವ್ಯಾನ್ ಇದ್ದರೂ ರೈಲು ಬಿಡಬೇಕಿಲ್ಲ. ನಮ್ಮ ಡ್ರೈವರ್ ಲಗೇಜ್ ಸಮೇತ ರಸ್ತೆಯಲ್ಲಿ ಹೋಗಿ ಎಲ್ಲಾದ ಸ್ಟೇಷನ್ ಹೊರಗೆ ಕಾಯುತ್ತಿದ್ದರು.

ಎಲ್ಲಾದಿಂದ ಕೆಳಗೆ ಗಾಲ್ ಕಡೆಯ ಕರಾವಳಿಗೆ ಬಸ್ಸು. ತುಂಬಾ ಅಗ್ಗ. ಪ್ರೈವೇಟ್ ಬಸ್ಸಲ್ಲಿ ಹಾಡು ಜೋರು, ತಿರುವಲ್ಲೂ ಓವರ್‌ಟೇಕ್. ಸರ್ಕಾರಿ ಕೆಂಪು ಬಸ್ಸು ಸ್ವಲ್ಪ ಸಮಾಧಾನ. ಮುಂದಿನ ಸೀಟು ಖಾಲಿ ಕಂಡಿತು ಅಂತ ಕೂರಬೇಡಿ, ಅದು ಭಿಕ್ಷುಗಳಿಗೆ ಮೀಸಲು. ಇಬ್ಬರೇ ಇದ್ದರೆ ಬಸ್ಸು ಲಾಭ, ನಾಲ್ಕು ಜನ ಇದ್ದು ಮಂಡಿ ನೋವಿನವರೂ ಜೊತೆಗಿದ್ದರೆ ವ್ಯಾನ್ ಬಾಡಿಗೆ ಹಂಚಿಕೊಂಡರೆ ಭಾರ ಅನಿಸಲ್ಲ.

ಗಾಲ್‌ನಿಂದ ಕೊಲಂಬೊಗೆ ಮತ್ತೆ ರೈಲು, ಕೆಲವು ಕಡೆ ಸಮುದ್ರ ಹಳಿಯ ಪಕ್ಕದಲ್ಲೇ ಇದೆ. ಆಫೀಸ್ ಟೈಮ್ ತಪ್ಪಿಸಿ, ಇಲ್ಲದಿದ್ದರೆ ನಿಂತೇ ಹೋಗಬೇಕು. ವ್ಯಾನ್ ಎಕ್ಸ್‌ಪ್ರೆಸ್‌ವೇಯಲ್ಲಿ ಬೇಗ ಮುಟ್ಟಿಸಿತು, ಆದರೆ ದಾರಿಯಲ್ಲಿ ಸಮುದ್ರವೇ ಕಾಣಲ್ಲ.

ಇದೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಲೆಕ್ಕ. ಮೇ ಇಂದ ಸೆಪ್ಟೆಂಬರ್‌ವರೆಗೆ ಗಾಲ್ ಕಡೆ ಮಳೆ, ಅಲೆ ಜಾಸ್ತಿ, ಆಗ ಸಿಗಿರಿಯದಿಂದ ಪೂರ್ವದ ಟ್ರಿಂಕೊಮಲಿ ಕಡೆ ಹೋಗಿ. ಇನ್ನೊಂದು, ಏರ್‌ಪೋರ್ಟ್ ಇರೋದು ಕೊಲಂಬೊದಲ್ಲಲ್ಲ, ನೆಗೊಂಬೊ ಪಕ್ಕದ ಕಟುನಾಯಕದಲ್ಲಿ. ಬೆಳಗಿನ ಫ್ಲೈಟ್ ಇದ್ದರೆ ಕೊನೇ ರಾತ್ರಿ ನೆಗೊಂಬೊದಲ್ಲೇ ಉಳಿಯಿರಿ.