ವಿಮೆ ಏಜೆಂಟರಿಗೆ ‘ಬಿಸಿನೆಸ್ ಕೋಚ್’: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

‘ಮನೆಯಲ್ಲೇ ಕೂತು ತಿಂಗಳಿಗೆ ಎರಡು ಲಕ್ಷ ಕಮಿಷನ್’. ನೀವು ವಿಮೆ ಏಜೆಂಟರಾಗಿದ್ದರೆ ಈ ಜಾಹೀರಾತು ನಿಮ್ಮ ಫೋನಿಗೂ ಬಂದೇ ಬಂದಿರುತ್ತದೆ. ಮೊದಲು 99 ರೂಪಾಯಿಯ ವೆಬಿನಾರ್, ಆಮೇಲೆ ಬೆಂಗಳೂರಲ್ಲಿ ಎರಡು ದಿನದ ಶಿಬಿರ, ಅದಾದ ಮೇಲೆ ವರ್ಷದ ಕೋಚಿಂಗ್. ನಾನು ದಾವಣಗೆರೆ ಕಡೆ ಜೀವ ವಿಮೆ ಮಾಡಿಸುವವನು. ಈ ಮೂರಕ್ಕೂ ಸೇರಿದ್ದೆ. ಕೊನೆಯದಕ್ಕೆ ಕಟ್ಟಿದ 82,600 ರೂಪಾಯಿ ಇನ್ನೂ ವಾಪಸ್ ಬಂದಿಲ್ಲ. ದೂರು ನಡೆಯುತ್ತಿರುವುದರಿಂದ ಆ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇಂಥವರು ಈಗ ಜಾಸ್ತಿ ಆಗಿದ್ದಾರೆ, ಅವರು ನಡೆದುಕೊಳ್ಳುವ ರೀತಿ ಗೊತ್ತಿದ್ದರೆ ಸಾಕು.

ಶಿಬಿರ ನಡೆದದ್ದು ತುಮಕೂರು ರಸ್ತೆಯ ಒಂದು ಹೋಟೆಲಿನ ಹಾಲ್‌ನಲ್ಲಿ. ಮೊದಲ ದಿನವೆಲ್ಲ ಜೋರು ಹಾಡು, ಚಪ್ಪಾಳೆ, ಕಣ್ಣು ಮುಚ್ಚಿ ಅಪ್ಪ ಅಮ್ಮನನ್ನು ನೆನೆದು ಅಳುವುದು, ಇದೇ ಆಯಿತು. ಪಾಲಿಸಿ ಬಗ್ಗೆ ಒಂದು ಮಾತಿಲ್ಲ. ಎರಡನೇ ದಿನ ಊಟಕ್ಕೆ ಬಿಡುವ ಮುಂಚೆ ಬಾಗಿಲ ಹತ್ತಿರ ಟೇಬಲ್ ಹಾಕಿದರು. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗರು, ಕೈಯಲ್ಲಿ ಸ್ವೈಪ್ ಮಷೀನ್. ‘ವರ್ಷದ ಕೋಚಿಂಗ್ ಒಂದೂವರೆ ಲಕ್ಷ. ಈ ಬಾಗಿಲು ದಾಟುವ ಮೊದಲು ಸೇರಿದವರಿಗೆ ಮಾತ್ರ 70 ಸಾವಿರ!’ ಅಂತ ಮೈಕ್‌ನಲ್ಲಿ ಕೂಗಿದರು. ಜಿಎಸ್‌ಟಿ ಬೇರೆ.

ನನ್ನ ಪಕ್ಕ ಹೊಸದುರ್ಗ ಕಡೆಯ ಒಬ್ಬ ಅಕ್ಕ ಕೂತಿದ್ದರು. ‘ಮನೆಯವರನ್ನ ಒಂದು ಮಾತು ಕೇಳಿ ಹೇಳ್ತೀನಪ್ಪಾ’ ಅಂದರು. ಅದಕ್ಕೆ ಆ ಹುಡುಗ, ‘ಮೇಡಂ, ನಿಮ್ಮ ಪಾರ್ಟಿ ಹೀಗಂದ್ರೆ ಬಿಟ್ಟು ಬರ್ತೀರಾ? ನೀವೇ ತೀರ್ಮಾನ ತಗೊಳ್ಳಲ್ಲ ಅಂದ್ರೆ ಪಾರ್ಟಿ ಹತ್ರ ಹೇಗೆ ಸೈನ್ ಹಾಕಿಸ್ತೀರಾ?’ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದ. (ಪಾರ್ಟಿ ಅಂದರೆ ನಮ್ಮ ಭಾಷೆಯಲ್ಲಿ ಗ್ರಾಹಕ.) ಅಕ್ಕ ತಲೆ ತಗ್ಗಿಸಿಕೊಂಡು ಫೋನ್ ಕೊಟ್ಟರು. ಅವನೇ ಪ್ಯಾನ್ ನಂಬರ್ ಹಾಕಿದ, ಆಧಾರ್ ನಂಬರ್ ಹಾಕಿದ, ಬಂದ ಒಟಿಪಿಗಳನ್ನೆಲ್ಲ ಅವನೇ ನೋಡಿಕೊಂಡು ಒತ್ತಿದ. ‘ಇದು ಬರೀ ಇಎಂಐ ಮೇಡಂ, ಸಾಲ ಅಲ್ಲ’ ಅಂತ ಹೇಳುತ್ತಲೇ ಅವರ ಹೆಸರಲ್ಲಿ ಸಾಲ ಮಾಡಿಸಿಬಿಟ್ಟ.

ಅದು ಸಾಲವೇ. ಫೈನಾನ್ಸ್ ಕಂಪನಿ ಕೋಚ್‌ಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನೀವು ಬಾಕಿದಾರರಾಗುವುದು ಫೈನಾನ್ಸ್ ಕಂಪನಿಗೆ. ಕೋಚ್ ಪಾಠ ನಿಲ್ಲಿಸಿದರೂ ಕಂತು ನಿಲ್ಲುವುದಿಲ್ಲ. ಸಿಟ್ಟಿಗೆ ಕಂತು ಕಟ್ಟದೆ ಬಿಟ್ಟರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರ್. ನಾನು ಕಾರ್ಡ್‌ನಲ್ಲಿ ಕಟ್ಟಿದ್ದರಿಂದ ಆ ತಾಪತ್ರಯ ನನಗಿಲ್ಲ. ಆ ಅಕ್ಕ ಇನ್ನೂ ಕಟ್ಟುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಈಗ ಒಂದು ಲೆಕ್ಕ ನೋಡಿ. ಮೊದಲ ವರ್ಷದ ಕಮಿಷನ್ ನೂರಕ್ಕೆ 25 ಅಂತಲೇ ಇಟ್ಟುಕೊಳ್ಳೋಣ. 82,600 ವಾಪಸ್ ಗಳಿಸಲು 3,30,400 ರೂಪಾಯಿ ಹೊಸ ಪ್ರೀಮಿಯಂ ತರಬೇಕು. ವರ್ಷಕ್ಕೆ 20 ಸಾವಿರ ಕಂತಿನ ಪಾಲಿಸಿ ಅಂದರೆ 17 ಪಾಲಿಸಿ. ಅದೂ ನೀವು ಹೇಗಿದ್ದರೂ ಮಾಡುತ್ತಿದ್ದ ಪಾಲಿಸಿಗಳನ್ನು ಬಿಟ್ಟು, ಕೋಚ್‌ನಿಂದಾಗಿಯೇ ಹೆಚ್ಚಿಗೆ ಬಂದ 17. ಪೆಟ್ರೋಲು, ಟಿಡಿಎಸ್ಸು ಈ ಲೆಕ್ಕದಲ್ಲಿಲ್ಲ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವವರಿಗೆ ಇದು ಎಷ್ಟು ದೊಡ್ಡ ಸಂಖ್ಯೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಇಷ್ಟು ಕೊಟ್ಟಿದ್ದಕ್ಕೆ ಕಲಿಸಿದ್ದೇನು? ಮೊದಲನೆಯದು, ಬಾಯಿಪಾಠ ಮಾಡಬೇಕಾದ ಸ್ಕ್ರಿಪ್ಟ್. ‘ಇವತ್ತು ರಾತ್ರಿ ನೀವು ಸತ್ತರೆ, ನಾಳೆ ನಿಮ್ಮ ಹೆಂಡತಿ ಯಾರ ಮನೆ ಬಾಗಿಲು ತಟ್ಟಬೇಕು?’ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ಕೇಳಿ, ಆಮೇಲೆ ಸುಮ್ನೆ ಕೂತುಬಿಡಬೇಕಂತೆ. ನಮ್ಮ ಬ್ಯಾಚಿನ ಹರಿಹರದ ಹುಡುಗನೊಬ್ಬ ಒಂದು ಮನೆಯಲ್ಲಿ ಹಾಗೇ ಕೇಳಿದ. ಒಳಗಿಂದ ಆ ಮನೆಯ ಅಜ್ಜಿ ಬಂದು, ‘ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು ಆಡ್ತೀಯೋ, ಎದ್ದು ಹೋಗು’ ಅಂದರಂತೆ. ಅಲ್ಲಿಗೆ ಆ ಮನೆಯೂ ಹೋಯಿತು, ಆ ಮನೆಯವರ ನೆಂಟರಿಷ್ಟರೂ ಹೋದರು. ನಮ್ಮ ಕಡೆ ಅನುಭವಸ್ಥ ಏಜೆಂಟರು ಇದೇ ವಿಷಯಕ್ಕೆ ಬರುವುದು ‘ದೇವರು ನಿಮ್ಮನ್ನ ನೂರು ವರ್ಷ ಚೆನ್ನಾಗಿಟ್ಟಿರ್ಲಿ, ಆದ್ರೂ ಮಕ್ಕಳ ಹೆಸರಲ್ಲಿ ಒಂದು ಇರ್ಲಿ’ ಅಂತ. ಅದನ್ನು ಹೇಳಿಕೊಡಲು ಹೋಟೆಲ್ ಹಾಲ್ ಬೇಕಿಲ್ಲ.

ಎರಡನೆಯದು ಇನ್ನೂ ಅಪಾಯದ್ದು. ‘ಪಾರ್ಟಿ ಹಿಂದೆಮುಂದೆ ನೋಡಿದರೆ ಮೊದಲ ಕಂತಿನಲ್ಲಿ ಸ್ವಲ್ಪ ನೀವೇ ಹಾಕಿ’ ಅಂತ ಬಹಿರಂಗವಾಗಿ ಹೇಳಿದರು. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಹೀಗೆ ನಮ್ಮ ಕಮಿಷನ್‌ನಲ್ಲಿ ಪಾರ್ಟಿಗೆ ಬಿಟ್ಟುಕೊಡುವುದೂ ತಪ್ಪು, ಪಾರ್ಟಿ ತೆಗೆದುಕೊಳ್ಳುವುದೂ ತಪ್ಪು. 10 ಲಕ್ಷದವರೆಗೆ ದಂಡ ಇದೆ. ಪಾಲಿಸಿ ಅರ್ಜಿಯಲ್ಲೇ ಇದನ್ನು ಅಚ್ಚು ಹಾಕಿರುತ್ತಾರೆ. ಫೇಸ್‌ಬುಕ್‌ನಲ್ಲಿ ನಿಮ್ಮದೇ ಜಾಹೀರಾತು ಹಾಕಿ ಅಂದರು, ಆದರೆ ವಿಮಾ ಕಂಪನಿಯ ಒಪ್ಪಿಗೆ ಇಲ್ಲದೆ ಏಜೆಂಟ್ ಜಾಹೀರಾತು ಕೊಡುವ ಹಾಗಿಲ್ಲ. ದುಡ್ಡು ಕೊಟ್ಟು ನಂಬರ್ ಪಟ್ಟಿ ತಂದು ದಿನವಿಡೀ ಫೋನ್ ಮಾಡಿ ಅಂದರು. ಸ್ವಂತ ನಂಬರಿನಿಂದ ಹಾಗೆ ಮಾಡಿ, ಯಾರಾದರೂ 1909ಕ್ಕೆ, ಅಂದರೆ ಬೇಡದ ಕರೆಗಳ ದೂರಿನ ನಂಬರಿಗೆ, ದೂರು ಕೊಟ್ಟರೆ ನಿಮ್ಮ ಸಿಮ್ಮೇ ಬಂದ್ ಆಗಬಹುದು. ಏಜೆನ್ಸಿ ಹೋದರೆ ಹೋಗುವುದು ನಮ್ಮದು. ಕೋಚ್‌ಗೆ ಕಳೆದುಕೊಳ್ಳಲು ಏಜೆನ್ಸಿಯೇ ಇಲ್ಲ. ನಾವು ಏಜೆಂಟರಾಗಲು ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು, ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಲು ಏನೂ ಬೇಡ.

ಅವರಿಗೆ ಈ ಕ್ಷೇತ್ರ ಗೊತ್ತಿಲ್ಲ ಅನ್ನುವುದು ಪಾಠದಲ್ಲೇ ಕಾಣುತ್ತಿತ್ತು. ವ್ಯಕ್ತಿಗಳ ಜೀವ ವಿಮೆ, ಆರೋಗ್ಯ ವಿಮೆ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದಲೇ ಇಲ್ಲ. ಅವರ ಸ್ಲೈಡ್‌ನಲ್ಲಿ ಹಳೇ 18 ಪರ್ಸೆಂಟ್ ಹಾಗೇ ಇತ್ತು. ಪಾಲಿಸಿ ಬೇಡ ಅಂತ ವಾಪಸ್ ಕೊಡುವ ಫ್ರೀ ಲುಕ್ ಅವಧಿ 2024ರಿಂದ 30 ದಿನ. ಅವರು 15 ಅಂತಲೇ ಬರೆಸಿದರು. ಗೊತ್ತಿರುವವರು ಕೈ ಎತ್ತಿ ಹೇಳಿದರೆ ‘ನೆಗೆಟಿವ್ ಯೋಚನೆ ಬೇಡ’ ಅನ್ನುವ ಉತ್ತರ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಕೋಚ್‌ಗೆ ಪೂರ್ತಿ ಹಣ ಮೊದಲೇ ಬರುತ್ತದೆ. ನಮ್ಮ ಬದುಕು ನಡೆಯುವುದು ರಿನೀವಲ್ ಕಮಿಷನ್ ಮೇಲೆ, ಪಾರ್ಟಿ ವರ್ಷ ವರ್ಷ ಕಂತು ಕಟ್ಟಿದರೆ ಮಾತ್ರ. ಹೆದರಿಸಿ, ಒತ್ತಾಯಿಸಿ ಮಾಡಿಸಿದ ಪಾಲಿಸಿಗೆ ಎರಡನೇ ಕಂತು ಬರುವುದು ಕಷ್ಟ. ಕಂತು ನಿಂತು ಪಾಲಿಸಿ ಲ್ಯಾಪ್ಸ್ ಆದರೆ ಪಾರ್ಟಿಗೆ ನಷ್ಟವಾಗುತ್ತದೆ, ನಮ್ಮ ಪರ್ಸಿಸ್ಟೆನ್ಸಿ (ಮಾಡಿಸಿದ ಪಾಲಿಸಿಗಳಲ್ಲಿ ಎಷ್ಟು ಮುಂದುವರಿದಿವೆ ಅನ್ನುವ ಲೆಕ್ಕ) ಬೀಳುತ್ತದೆ, ಊರಲ್ಲಿ ಹೆಸರು ಕೆಡುತ್ತದೆ. ಕೋಚ್ ಲೆಕ್ಕ ಇಡುವುದು ‘ಈ ತಿಂಗಳು ಎಷ್ಟು ಕ್ಲೋಸ್ ಮಾಡಿದಿರಿ’, ಅಂದರೆ ಎಷ್ಟು ಹೊಸ ಪಾಲಿಸಿ ಮಾಡಿಸಿದಿರಿ ಅನ್ನುವುದನ್ನು ಮಾತ್ರ, ಯಾಕೆಂದರೆ ಮುಂದಿನ ಜಾಹೀರಾತಿಗೆ ಬೇಕಾಗಿರುವುದು ಅದೇ.

ಹಣ ವಾಪಸ್ ಕೇಳಿದಾಗ ನಡೆದದ್ದನ್ನೂ ಹೇಳಿಬಿಡುತ್ತೇನೆ. ವೇದಿಕೆ ಮೇಲೆ ‘ಇಷ್ಟವಾಗದಿದ್ದರೆ ಪೂರ್ತಿ ವಾಪಸ್’ ಅಂದಿದ್ದರು. ಆಮೇಲೆ ಕಳಿಸಿದ ಷರತ್ತಿನಲ್ಲಿ, ದಿನಕ್ಕೆ 100 ಕರೆ ಮಾಡಿ ಅದರ ಸ್ಕ್ರೀನ್‌ಶಾಟ್ ಒಂದು ದಿನವೂ ತಪ್ಪದೆ ಕಳಿಸಿದವರಿಗೆ ಮಾತ್ರ ಅಂತಿತ್ತು. ಜಿಎಸ್‌ಟಿ ವಸೂಲಿ ಮಾಡಿದರು, ಜಿಎಸ್‌ಟಿ ನಂಬರ್ ಇರುವ ಬಿಲ್ ಮಾತ್ರ ಇವತ್ತಿನವರೆಗೂ ಕೊಟ್ಟಿಲ್ಲ. ನೀವು ಯಾರಿಗೇ ಹಣ ಕಟ್ಟುವುದಿದ್ದರೂ ಮೊದಲು ಆ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಕೋಚ್ ಅನ್ನುವವರೇ ಬೇಡವಾ? ಈಗಲೂ ತಾವೇ ಪಾಲಿಸಿ ಮಾಡಿಸುತ್ತಿರುವವರು, ತಮ್ಮ ಪರ್ಸಿಸ್ಟೆನ್ಸಿ ಎಷ್ಟು ಅಂತ ತೋರಿಸಲು ಹಿಂಜರಿಯದವರು, ತಿಂಗಳ ಲೆಕ್ಕದಲ್ಲಿ ಫೀಸ್ ತಗೊಂಡು ಬೇಡವೆಂದಾಗ ಬಿಡಲು ಅವಕಾಶ ಕೊಡುವವರು ಸಿಕ್ಕರೆ ಸೇರಿ. ಎಂಡಿಆರ್‌ಟಿ (ಹೆಚ್ಚು ವ್ಯವಹಾರ ಮಾಡುವ ವಿಮೆ ಏಜೆಂಟರ ಅಂತರರಾಷ್ಟ್ರೀಯ ಸಂಘ) ಬ್ಯಾಡ್ಜ್ ತೋರಿಸಿದರೆ ಯಾವ ವರ್ಷದ್ದು ಅಂತ ಕೇಳಿ. ಅದು ಪ್ರತಿ ವರ್ಷ ಹೊಸದಾಗಿ ಗಳಿಸಬೇಕಾದದ್ದು. ಅದಕ್ಕೂ ಮೊದಲು ನಿಮ್ಮ ಬ್ರಾಂಚಿನಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಹಿರಿಯ ಏಜೆಂಟರ ಜೊತೆ ನಾಲ್ಕು ಮನೆಗೆ ಹೋಗಿಬನ್ನಿ. ಡಿ.ಓ. (ಡೆವಲಪ್‌ಮೆಂಟ್ ಆಫೀಸರ್) ಸಾಹೇಬರನ್ನು ಕೇಳಿದರೆ ಕಂಪನಿಯ ತರಬೇತಿಗೇ ಹೆಸರು ಕಳಿಸುತ್ತಾರೆ. ಓದುವ ಆಸೆ ಇದ್ದರೆ ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಷಿಯೇಟ್ ಪರೀಕ್ಷೆ ಕಟ್ಟಬಹುದು.

ಈಗಾಗಲೇ ಹಣ ಕಟ್ಟಿ ಸಿಕ್ಕಿಕೊಂಡವರು ವಾಟ್ಸಾಪ್ ಮೆಸೇಜ್, ಜಾಹೀರಾತಿನ ಸ್ಕ್ರೀನ್‌ಶಾಟ್, ಸಾಲದ ಕಾಗದ ಯಾವುದನ್ನೂ ಅಳಿಸಬೇಡಿ. ಗುಂಪಿನಿಂದ ಅವರು ನಿಮ್ಮನ್ನು ತೆಗೆದುಹಾಕುವ ಮೊದಲೇ ಚಾಟ್ ಉಳಿಸಿಕೊಳ್ಳಿ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕ ಇಲ್ಲ. ‘ಇದು ವ್ಯಾಪಾರಕ್ಕೆ ತಗೊಂಡ ಸೇವೆ, ನೀವು ಗ್ರಾಹಕರೇ ಅಲ್ಲ’ ಅಂತ ಅವರ ವಕೀಲರು ಹೆದರಿಸಬಹುದು, ನನಗೂ ಹಾಗೇ ನೋಟಿಸ್ ಕೊಟ್ಟರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ಬಳಸುವ ವಸ್ತುವನ್ನು 2019ರ ಗ್ರಾಹಕರ ರಕ್ಷಣಾ ಕಾಯ್ದೆ ವ್ಯಾಪಾರ ಅಂತ ಎಣಿಸುವುದಿಲ್ಲ, ಆದರೆ ಆ ವಿವರಣೆಯಲ್ಲಿ ಸೇವೆಯ ಹೆಸರಿಲ್ಲ. ಅದಕ್ಕೇ ಈ ಸೇವೆ ಪಡೆದದ್ದು ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಅನ್ನುವ ಮಾತನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಿ.