ಇರುವೆಗೆ ಬೋರಿಕ್ ಪೌಡರ್: ದಾವಣಗೆರೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೆಡಿಕಲ್ ಶಾಪಿನಲ್ಲಿ ಸಿಗುವ ಬೋರಿಕ್ ಆಸಿಡ್ ಪುಡಿಗೆ ಐದರಲ್ಲಿ ನಾಲ್ಕು ಸ್ಟಾರ್. ಸಿಂಕಿನ ಹಿಂದೆ, ಸಕ್ಕರೆ ಡಬ್ಬಿಯ ಸುತ್ತ ಸಾಲುಗಟ್ಟುವ ಸಣ್ಣ ಇರುವೆಗಳನ್ನು ಗೂಡಿನ ಸಮೇತ ಅಡಗಿಸಲು ಇದಕ್ಕಿಂತ ಅಗ್ಗದ, ನಂಬಬಹುದಾದ ಇನ್ನೊಂದು ವಸ್ತು ನನಗೆ ಸಿಕ್ಕಿಲ್ಲ. "ತಂದು ಹಾಕಿದ್ವಿ, ಏನೂ ಆಗಲಿಲ್ಲ" ಅನ್ನುವವರಲ್ಲಿ ಬಹುಪಾಲು ಜನ ಎಡವುವುದು ಒಂದೇ ಕಡೆ: ಪುಡಿ ಜಾಸ್ತಿ ಹಾಕಿರುತ್ತಾರೆ.

ಸಾಲಿನಲ್ಲಿ ಕಾಣುವುದು ಕೆಲಸಗಾರ ಇರುವೆಗಳು ಮಾತ್ರ. ರಾಣಿಗಳೂ ಮರಿಗಳೂ ಗೋಡೆಯ ಒಳಗೆ, ಕಡಪ ಕಲ್ಲಿನ ಕಟ್ಟೆಯ ಅಡಿಯಲ್ಲಿ ಇರುತ್ತವೆ. ಪುಡಿಯನ್ನು ಸಕ್ಕರೆ ನೀರಿನಲ್ಲಿ ಕರಗಿಸಿ ಇಟ್ಟರೆ ಕೆಲಸಗಾರ ಇರುವೆ ಅದನ್ನು ಹೊಟ್ಟೆಯ ಒಂದು ಚೀಲದಲ್ಲಿ ತುಂಬಿಕೊಂಡು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ. ವಿಷ ನಿಧಾನವಾಗಿದ್ದರೆ ಅದು ರಾಣಿಯವರೆಗೂ ತಲುಪುತ್ತದೆ. ಜೋರಾಗಿದ್ದರೆ ಇರುವೆ ಮುಟ್ಟುವುದೇ ಇಲ್ಲ, ಮುಟ್ಟಿದರೂ ದಾರಿಯಲ್ಲೇ ಸಾಯುತ್ತದೆ. ದಾರಿಯಲ್ಲಿ ಸತ್ತ ಇರುವೆಯಿಂದ ಗೂಡಿಗೆ ಏನೂ ಆಗುವುದಿಲ್ಲ.

ಸರಿಯಾದ ಪ್ರಮಾಣ ನೂರಕ್ಕೆ ಒಂದು. 100 ಮಿ.ಲೀ. ಬೆಚ್ಚಗಿನ ನೀರು, 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಪುಡಿ. ತಕ್ಕಡಿ ಇಲ್ಲದಿದ್ದರೆ 5 ಮಿ.ಲೀ. ಅಳತೆಯ ಚಮಚದಲ್ಲಿ ಎರಡೂವರೆ ಚಮಚ ಸಕ್ಕರೆ, ಕಾಲು ಚಮಚ ಪುಡಿ, ಎರಡನ್ನೂ ಮಟ್ಟ ಮಾಡಿ ಹಾಕಿ. ತಣ್ಣೀರಿನಲ್ಲಿ ಪುಡಿ ತೇಲಿಕೊಂಡು ಸತಾಯಿಸುತ್ತದೆ. ಬಿಸಿನೀರಿನಲ್ಲಿ ಎರಡು ನಿಮಿಷ ಕದಡಿದರೆ ಪೂರ್ತಿ ಕರಗಿ ನೀರು ತಿಳಿಯಾಗುತ್ತದೆ. ತಳದಲ್ಲಿ ಬಿಳಿ ಉಳಿದರೆ ಇನ್ನೂ ಕರಗಿಲ್ಲ ಎಂದರ್ಥ, ಹಾಗೇ ಇಡಬೇಡಿ. ಗ್ರಂಧಿಗೆ ಅಂಗಡಿಯ ಬಿಳಿಗಾರವೂ ಆಗುತ್ತದೆ, ಅಕ್ಕಸಾಲಿಗರು ಬೆಸುಗೆಗೆ ಬಳಸುವುದು ಅದನ್ನೇ. ಅದರಲ್ಲಿ ಬೋರಾನ್ ಅಂಶ ಕಡಿಮೆ, ಹಾಗಾಗಿ ಒಂದು ಗ್ರಾಂ ಬದಲು ಒಂದೂವರೆ ಗ್ರಾಂ ಬೇಕು. ಕೇರಂ ಬೋರ್ಡಿಗೆ ಹಾಕುವ ಪೌಡರ್ ಬೇಡ. ಅದರಲ್ಲಿ ಬೇರೇನು ಬೆರೆತಿದೆ ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

ಒಣ ಪುಡಿಯನ್ನೇ ಗೆರೆಯಾಗಿ ಉದುರಿಸುವ ರೂಢಿ ಬಹಳ ಮನೆಗಳಲ್ಲಿದೆ. ಜಿರಳೆಗೆ ಅದು ಸರಿ. ಇರುವೆ ಮಾತ್ರ ಗೆರೆಯನ್ನು ತಪ್ಪಿಸಿ ಸುತ್ತಿಕೊಂಡು ಆಚೆಯಿಂದ ಹೋಗುತ್ತದೆ.

ಇನ್ನು ನಮ್ಮ ಊರಿನ ಬಿಸಿಲಿನ ವಿಷಯ. ಬಾಟಲಿ ಮುಚ್ಚಳದಲ್ಲಿ ಹತ್ತಿ ನೆನೆಸಿ ಇಡಿ ಎನ್ನುವ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಮಾರ್ಚ್‌ನಿಂದ ಮೇ ತನಕ ದಾವಣಗೆರೆಯಲ್ಲಿ ಅದು ನಡೆಯುವುದಿಲ್ಲ. ಬೆಳಿಗ್ಗೆ ಇಟ್ಟ ಹತ್ತಿಯಿಂದ ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ನೀರು ಆರಿಹೋಗುತ್ತದೆ. ಆರುವುದು ನೀರು ಮಾತ್ರ, ಬೋರಿಕ್ ಅಲ್ಲೇ ಉಳಿಯುತ್ತದೆ. ನೂರಕ್ಕೆ ಒಂದು ಇದ್ದದ್ದು ಎರಡು, ಮೂರು ಆಗುತ್ತಾ ಹೋಗುತ್ತದೆ, ಇರುವೆ ಬಿಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಖಾಲಿಯಾದ ಚಿಕ್ಕ ಪ್ಲಾಸ್ಟಿಕ್ ಔಷಧಿ ಬಾಟಲಿ ತೊಳೆದು, ಮುಚ್ಚಳದಲ್ಲಿ ದಬ್ಬಣದಿಂದ ತೂತು ಮಾಡಿ, ಹತ್ತಿ ಬತ್ತಿಯನ್ನು ಬಿಗಿಯಾಗಿ ತೂರಿಸಿ. ಬತ್ತಿಯ ತುದಿ ಹೊರಗೆ ಕಾಲು ಅಂಗುಲ ಸಾಕು. ಬಾಟಲಿಯನ್ನು ಅಡ್ಡ ಮಲಗಿಸಿ, ಬತ್ತಿಯ ತುದಿ ಸರಿಯಾಗಿ ಸಾಲಿನ ಮೇಲೇ ಬರುವಂತೆ ಇಡಿ. ಸಾಲಿನಿಂದ ಒಂದು ಗೇಣು ಆಚೆ ಇಟ್ಟರೂ ಹುಡುಕಿಕೊಂಡು ಬರಲು ಗಂಟೆಗಟ್ಟಲೆ ಬೇಕು. ಸೆಕೆಗೆ ಸಕ್ಕರೆ ನೀರು ಹುಳಿ ಬರುತ್ತದೆ, ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿ.

ಇಟ್ಟ ಮೊದಲ ದಿನ ಇರುವೆ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಬತ್ತಿಯ ಸುತ್ತ ಕಪ್ಪಗೆ ಮುತ್ತಿಕೊಳ್ಳುತ್ತವೆ. ಅದು ಒಳ್ಳೆಯ ಲಕ್ಷಣ. ಆಗ ಗಾಬರಿಯಾಗಿ ಫಿನಾಯಿಲ್ ಬಟ್ಟೆಯಿಂದ ಒರೆಸಿದರೆ ಸಾಲಿನ ವಾಸನೆ ಅಳಿದು ಮಾಡಿದ ಕೆಲಸವೆಲ್ಲ ಹಾಳು. ಎರಡು ಮೂರು ದಿನಕ್ಕೆ ಸಾಲು ತೆಳುವಾಗುತ್ತದೆ, ಪೂರ್ತಿ ನಿಲ್ಲಲು ಒಂದರಿಂದ ಮೂರು ವಾರ. ಸಾಲು ನಿಂತ ಮೇಲೂ ಒಂದು ವಾರ ಬಾಟಲಿ ಅಲ್ಲೇ ಇರಲಿ, ಗೂಡಿನಲ್ಲಿ ಮರಿಗಳಾಗಿ ಇದ್ದವು ಬೆಳೆದು ಆಮೇಲೆ ಕಾಣಿಸಿಕೊಳ್ಳುತ್ತವೆ.

ಇಷ್ಟೆಲ್ಲ ಮಾಡುವ ಮೊದಲು ಇರುವೆ ಯಾವುದು ಎಂದು ನೋಡಬೇಕು. ಎಲ್ಲದಕ್ಕೂ ಸಕ್ಕರೆ ಆಗುವುದಿಲ್ಲ. ರಾತ್ರಿ ಒಂದು ರಟ್ಟಿನ ಚೂರಿನ ಮೇಲೆ ಒಂದು ಹನಿ ಸಕ್ಕರೆ ನೀರು, ಪಕ್ಕದಲ್ಲಿ ಅರೆದ ಶೇಂಗಾ ಇಟ್ಟು ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ. ಎಲ್ಲಿ ಮುತ್ತಿವೆಯೋ ಅದೇ ಉತ್ತರ.

ಸಿಂಕಿನ ಬಳಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಇರುವೆ, ತಲೆ ಕಪ್ಪು, ಹೊಟ್ಟೆ ಕಾಲು ಬಿಳಿಚು, ಬೆರಳಲ್ಲಿ ಉಜ್ಜಿದರೆ ಕೊಳೆತ ಕೊಬ್ಬರಿಯ ವಾಸನೆ: ಇದು ಟಾಪಿನೋಮಾ. ಉದ್ದ ಒಂದೂವರೆ ಮಿ.ಮೀ. ಮಾತ್ರ. ಸಿಹಿ ಬೋರಿಕ್ ನೀರು ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಇದರ ಮೇಲೇ. ಸುಮಾರು ಎರಡು ಮಿ.ಮೀ. ಉದ್ದದ ಹಳದಿ ಮಿಶ್ರಿತ ಕಂದು ಬಣ್ಣದ್ದು ಫೇರೋ ಇರುವೆ. ಇದರ ಗೂಡಿನಲ್ಲಿ ಹಲವು ರಾಣಿಗಳು. ಸ್ಪ್ರೇ ಹೊಡೆದರೆ ಗೂಡು ಒಡೆದು ಮೂರು ನಾಲ್ಕು ಗೂಡಾಗಿ ಬೇರೆ ಕೋಣೆಗಳಿಗೆ ಹರಡುತ್ತದೆ. ಸ್ಪ್ರೇ ಹೊಡೆದ ಮೇಲೆ ಬಚ್ಚಲಿನಲ್ಲೂ ಮಲಗುವ ಕೋಣೆಯಲ್ಲೂ ಇರುವೆ ಬಂತು ಎಂದು ದೂರುವವರ ಮನೆಯಲ್ಲಿ ಆಗಿರುವುದು ಹೆಚ್ಚಾಗಿ ಇದೇ. ಇದು ಸಿಹಿಯನ್ನೂ ತಿನ್ನುತ್ತದೆ, ಎಣ್ಣೆ ಜಿಡ್ಡನ್ನೂ ತಿನ್ನುತ್ತದೆ, ಹಾಗಾಗಿ ಸಿಹಿ ಬೋರಿಕ್ ನೀರು, ಮುಂದೆ ಹೇಳುವ ಶೇಂಗಾ ಮಿಶ್ರಣ ಎರಡನ್ನೂ ಇಡಬೇಕು.

ಉದ್ದ ಕಾಲಿನ, ಕಪ್ಪನೆಯ, ಸಾಲು ಬಿಟ್ಟು ಅಡ್ಡಾದಿಡ್ಡಿ ಓಡುವ ಇರುವೆ ಗೂಡು ಕಟ್ಟುವುದು ಹೆಚ್ಚಾಗಿ ಹೊರಗೆ, ಕಾಂಪೌಂಡಿನ ಇಟ್ಟಿಗೆ ರಾಶಿಯಲ್ಲಿ, ಹೂಕುಂಡದ ಅಡಿಯಲ್ಲಿ. ಇದು ಒಂದು ದಿನ ಸಿಹಿ ತಿಂದರೆ ಮರುದಿನ ಮೂಸಿಯೂ ನೋಡುವುದಿಲ್ಲ. ಕುಂಡ ಸರಿಸಿ, ರಾಶಿ ತೆಗೆಸಿದರೆ ಆಗುವ ಗುಣ ಬೋರಿಕ್‌ನಿಂದ ಆಗುವುದಿಲ್ಲ. ಗೊದ್ದಕ್ಕೂ ಹಾಗೇ. ಅದು ಮರದ ಬುಡದಲ್ಲಿ ಇದ್ದುಕೊಂಡು ರಾತ್ರಿ ಸಿಹಿಗೆ ಬರುತ್ತದೆ. ಕಿಟಕಿಗೆ ತಾಗುವ ಕೊಂಬೆ ಕಡಿಸಿ, ಅಷ್ಟು ಸಾಕು, ಕೊಲ್ಲುವ ಅಗತ್ಯವಿಲ್ಲ.

ಒಂದು ಸ್ಟಾರ್ ಕಡಿತ ಆಗಿದ್ದು ಕಚ್ಚುವ ಕೆಂಪಿರುವೆಯಿಂದ. ಅದಕ್ಕೆ ಬೇಕಾದ್ದು ಕಾಳು, ಎಣ್ಣೆ. ಮಂಡಿಪೇಟೆಯಿಂದ ಚೀಲಗಟ್ಟಲೆ ಶೇಂಗಾ ತಂದು ಇಡುವ ಮನೆಗಳಲ್ಲಿ ಇದರ ಕಾಟ ಜಾಸ್ತಿ. ಹುರಿದ ಶೇಂಗಾವನ್ನು ಎಣ್ಣೆ ಬಿಡುವವರೆಗೆ ಅರೆದು, 20 ಗ್ರಾಂಗೆ 1 ಗ್ರಾಂ ಪುಡಿ ಸೇರಿಸಿ ಇಟ್ಟರೆ ಒಯ್ಯುತ್ತವೆ. ಆದರೆ ಪುಡಿ ಎಣ್ಣೆಯಲ್ಲಿ ಕರಗುವುದಿಲ್ಲ, ಒಂದು ತುತ್ತಿನಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ. ಫಲ ಅರ್ಧಂಬರ್ಧ. ಗೂಡು ಅಂಗಳದಲ್ಲಿ ಕಂಡರೆ ಗಿಡದ ಬೇರಿಗೆ ತಾಗದಂತೆ ಕುದಿಯುವ ನೀರು ಸುರಿಯುವುದೇ ವಾಸಿ, ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಬೋರಿಕ್ ಇಟ್ಟಿರುವ ಜಾಗದಲ್ಲಿ ಇರುವೆ ಚಾಕ್ ಎಳೆಯಬೇಡಿ. ಚಾಕಿನ ಕೀಟನಾಶಕ ಇರುವೆಯನ್ನು ಹೆದರಿಸಿ ಓಡಿಸುತ್ತದೆ, ಓಡಿಹೋದ ಇರುವೆ ಬೋರಿಕ್ ತಿನ್ನುವುದಿಲ್ಲ. ಜಿರಳೆಗೆ ಬರುವ 2.15% ಇಮಿಡಾಕ್ಲೋಪ್ರಿಡ್ ಜೆಲ್ಲನ್ನು ಇರುವೆಗೆ ಹಚ್ಚುವವರಿದ್ದಾರೆ. ಅದು ಇರುವೆಗೆ ತೀರಾ ಜಾಸ್ತಿಯಾಯಿತು, ತಿಂದದ್ದು ಗೂಡು ಮುಟ್ಟುವ ಮೊದಲೇ ಸಾಯುತ್ತದೆ. ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಬಿಎಚ್‌ಸಿ ಎಂಬ ಕೀಟನಾಶಕ ಪುಡಿ ಉಳಿದಿದ್ದರೆ ದಯವಿಟ್ಟು ಬಳಸಬೇಡಿ, 1997ರಲ್ಲೇ ಅದು ನಿಷೇಧವಾಗಿದೆ.

ಬೋರಿಕ್ ಕೂಡ ವಿಷವೇ. ನೋಡಲು ಉಪ್ಪು, ಅಡುಗೆ ಸೋಡದ ಹಾಗೆ ಇರುವುದರಿಂದ ಅಪಾಯ ದೊಡ್ಡದು, ಅದರಲ್ಲೂ ಎಳೆಯ ಮಕ್ಕಳಿಗೆ. ಅಳೆದ ಚಮಚ, ಕದಡಿದ ಲೋಟ ಅಡುಗೆಗೆ ವಾಪಸ್ ಬರಕೂಡದು. ಉಳಿದ ನೀರನ್ನು ಫ್ರಿಜ್ಜಿನಲ್ಲಿ ಇಡಬೇಡಿ, 100 ಮಿ.ಲೀ. ಮಾತ್ರ ಮಾಡಿ ಮಿಕ್ಕಿದ್ದು ಚೆಲ್ಲಿ. ಬಾಟಲಿಯ ಮೇಲೆ ದೊಡ್ಡದಾಗಿ "ವಿಷ" ಎಂದು ಬರೆದು ಅಂಟಿಸಿ, ಅಂಬೆಗಾಲಿಡುವ ಮಗು ಅಥವಾ ನಾಯಿ ಇರುವ ಮನೆಯಲ್ಲಿ ನೆಲದ ಮೇಲೆ ಇಡಲೇಬೇಡಿ. ಯಾರಾದರೂ ನುಂಗಿದರೆ ಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ.

ಸಾಲು ನಿಂತ ಮೇಲೆ ಕಡಪ ಕಲ್ಲಿಗೂ ಟೈಲ್ಸಿಗೂ ನಡುವಿನ ಸಂದು, ಸಿಂಕ್ ಪೈಪ್ ಗೋಡೆ ಸೇರುವ ತೂತು ವೈಟ್ ಸಿಮೆಂಟಿನಿಂದ ಮುಚ್ಚಿ. ಮೊದಲೇ ಮುಚ್ಚಿದರೆ ಒಳಗಿರುವ ಗೂಡು ಸ್ವಿಚ್ ಬೋರ್ಡಿನಿಂದ ದಾರಿ ಮಾಡಿಕೊಳ್ಳುತ್ತದೆ, ಅಲ್ಲಿ ನೀರು ಹಾಕುವಂತಿಲ್ಲ, ಸ್ಪ್ರೇ ಹೊಡೆಯುವಂತಿಲ್ಲ. ಮುಂಗಾರಿನ ಮೊದಲ ಮಳೆಗೆ ನೆಲದ ಗೂಡುಗಳಿಗೆ ನೀರು ನುಗ್ಗಿ ಇರುವೆ ಮತ್ತೆ ಒಳಗೆ ಬರುತ್ತದೆ, ಅಷ್ಟರೊಳಗೆ ಈ ಸಂದುಗಳ ಕೆಲಸ ಮುಗಿದಿರಬೇಕು. ಮಂಡಕ್ಕಿ, ಬೆಲ್ಲದ ಡಬ್ಬಿ ಇಡುವ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುವ ಹಳೆಯ ಪದ್ಧತಿ ಈಗಲೂ ಸರಿಯೇ. ಎರಡು ದಿನ ಬಿಟ್ಟರೆ ನೀರಿನ ಮೇಲೆ ಧೂಳಿನ ಕೆನೆ ಕಟ್ಟಿ ಇರುವೆಗೆ ಸೇತುವೆಯಾಗುತ್ತದೆ. ದಿನಾ ನೀರು ಬದಲಿಸಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಡಿ. ಸ್ಟ್ಯಾಂಡು ಗೋಡೆಗೆ ತಾಗಿದ್ದರೆ ಮಾತ್ರ ಈ ಬಟ್ಟಲುಗಳಿಂದ ಏನೂ ಉಪಯೋಗವಿಲ್ಲ, ನಾಲ್ಕು ಬೆರಳು ಈಚೆ ಎಳೆಯಿರಿ.