ಜೆಲ್ಲಿಮೀನು ಕುಟುಕಿದಾಗ ದಡದಲ್ಲಿ ಆಗುವ ಅನಾಹುತ

ಈಜುತ್ತಿರುವಾಗ ತೋಳಿಗೋ ತೊಡೆಗೋ ಚುರ್ ಎಂದು ಉರಿ ಹತ್ತುತ್ತದೆ. ಸುತ್ತ ನೋಡಿದರೆ ನೀರಲ್ಲಿ ಏನೂ ಕಾಣುವುದಿಲ್ಲ. ದಡಕ್ಕೆ ಬಂದ ಮೇಲೆ ಗೊತ್ತಾಗುತ್ತದೆ: ಚರ್ಮದ ಮೇಲೆ ಉದ್ದುದ್ದ ಕೆಂಪು ಬಾಸುಂಡೆ, ಅದರ ಮೇಲೆಯೇ ಅಂಟಿಕೊಂಡ, ಜೆಲ್ಲಿಮೀನಿನ ನೀಲಿ ಅಥವಾ ಬಣ್ಣವಿಲ್ಲದ ಎಳೆ. ಅಷ್ಟರಲ್ಲಿ ಜನ ಸೇರುತ್ತಾರೆ. ಒಬ್ಬರು ಮರಳು ಹಾಕಿ ತಿಕ್ಕುತ್ತಾರೆ, ಇನ್ನೊಬ್ಬರು ಕುಡಿಯುವ ನೀರು ಸುರಿಯುತ್ತಾರೆ, ಮೂತ್ರ ಹಾಕಿದರೆ ವಿಷ ಇಳಿಯುತ್ತದೆ ಎಂದು ಹೇಳುವವರೂ ಇರುತ್ತಾರೆ. ಈ ಮೂರರಲ್ಲಿ ಯಾವುದನ್ನೂ ಮಾಡಬೇಡಿ. ತಡೆಯುವಷ್ಟಿದ್ದ ನೋವು ಅನೇಕ ಸಲ ತಡೆಯಲಾರದಷ್ಟಾಗುವುದು ದಡದಲ್ಲಿ ನಡೆಯುವ ಈ ಉಪಚಾರದಿಂದಲೇ.

ಕಾರಣ ಆ ಎಳೆಯಲ್ಲಿದೆ. ಅದರ ಮೈತುಂಬ ಸಾವಿರಾರು ಕುಟುಕು ಕೋಶಗಳಿವೆ. ಒಂದೊಂದು ಕೋಶದೊಳಗೂ ಒಂದು ಸೂಕ್ಷ್ಮ ಸಂಪುಟ, ಅದರಲ್ಲಿ ಸುರುಳಿ ಸುತ್ತಿಕೊಂಡು ಕೂತ ಟೊಳ್ಳು ಕೊಳವೆ ಮತ್ತು ವಿಷ. ಜೆಲ್ಲಿಮೀನಿನ ಸಂಬಂಧಿಯಾದ ಹೈಡ್ರಾದಲ್ಲಿ ಈ ಸಂಪುಟದ ಒಳಗಿನ ಒತ್ತಡ ಸುಮಾರು 150 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಸಿಡಿಯುವುದಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲೂ ಬೇಕಾಗುವುದಿಲ್ಲ. ಈ ಕೋಶಗಳು ಸಿಡಿಯಲು ಪ್ರಾಣಿ ಬದುಕಿರಬೇಕೆಂದೂ ಇಲ್ಲ. ಸ್ಪರ್ಶ, ಚರ್ಮದ ರಾಸಾಯನಿಕಗಳು, ಒತ್ತಡ ಇಷ್ಟೇ ಸಾಕು. 2010ರ ಜುಲೈನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ವಾಲಿಸ್ ಸ್ಯಾಂಡ್ಸ್ ಕಡಲತೀರದಲ್ಲಿ ಸತ್ತು ಚೂರಾಗಿದ್ದ ಒಂದೇ ಒಂದು ಲಯನ್ಸ್ ಮೇನ್ ಜೆಲ್ಲಿಮೀನಿನ ತುಂಡುಗಳು ಸುಮಾರು 150 ಜನರನ್ನು ಕುಟುಕಿದ್ದವು. ಮರಳಿನ ಮೇಲೆ ಸತ್ತು ಬಿದ್ದದ್ದನ್ನು ಮಕ್ಕಳು ಕಡ್ಡಿಯಲ್ಲಿ ಎತ್ತಿ ಆಡುವುದನ್ನು ಕಂಡರೆ ದಯವಿಟ್ಟು ತಡೆಯಿರಿ.

ನೀವು ನೀರಿನಿಂದ ಹೊರಬಂದಾಗ ಮೈಗೆ ಅಂಟಿದ ಕೋಶಗಳಲ್ಲಿ ಬಹಳಷ್ಟು ಇನ್ನೂ ಸಿಡಿದಿರುವುದಿಲ್ಲ. ಮರಳಿನಿಂದಲೋ ಟವೆಲ್‌ನಿಂದಲೋ ತಿಕ್ಕಿದರೆ ಅವೂ ಸಿಡಿಯುತ್ತವೆ. ಸಿಹಿನೀರು ಬಿದ್ದು ಸುತ್ತಲಿನ ಉಪ್ಪಿನಂಶ ಒಮ್ಮೆಲೇ ಇಳಿದರೂ ಸಿಡಿಯಬಹುದು. ಮೂತ್ರದಿಂದ ಉಪಯೋಗವಿಲ್ಲ. ಸಾರಾಯಿ, ಸ್ಪಿರಿಟ್ ಹಾಕಬಾರದು. ಬಿಗಿಯಾಗಿ ಬ್ಯಾಂಡೇಜ್ ಸುತ್ತಬಾರದು. ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಅದನ್ನೂ ಬಿಡಿ, ಕಾರ್ಡಿನ ಒತ್ತಡವೇ ಇನ್ನಷ್ಟು ವಿಷವನ್ನು ಒಳಗೆ ತಳ್ಳುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ನೀರಿನಿಂದ ಹೊರಗೆ ಬನ್ನಿ, ಆಳದಲ್ಲಿದ್ದರೆ ಕೈ ಎತ್ತಿ ಸಹಾಯಕ್ಕೆ ಕೂಗಿ. ನೋವಿಗೆ ಗಾಬರಿಯಾಗಿ ಮುಳುಗುವ ಅಪಾಯ ನಿಜವಾದದ್ದು. ಕುಟುಕಿಸಿಕೊಂಡವರನ್ನು ಕೂರಿಸಿ, ಅಲುಗಾಡಿಸಬೇಡಿ, ಒಬ್ಬರು ಜೊತೆಗೇ ಇರಿ. ಎಳೆಗಳನ್ನು ಸಮುದ್ರದ ನೀರು ಸುರಿದು ತೊಳೆಯಿರಿ. ಉಳಿದದ್ದನ್ನು ಚಿಮಟದಿಂದ ಮೇಲಕ್ಕೆತ್ತಿ ತೆಗೆಯಿರಿ, ಎಳೆದಾಡಬೇಡಿ. ಚಿಮಟ ಇಲ್ಲದಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಎಳೆ ಹೋದ ಮೇಲೆ ಬಿಸಿನೀರು. ಸುಮಾರು 45 ಡಿಗ್ರಿ ಸೆಲ್ಸಿಯಸ್, 20 ನಿಮಿಷ. ಕೈಕಾಲಾದರೆ ಮುಳುಗಿಸಿಡಬಹುದು, ಮೈಮೇಲಾದರೆ ಬಿಸಿ ಶವರ್ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಸಹಾಯಕ್ಕಿರುವವರು ತಮ್ಮ ಕೈ ಇಟ್ಟು ನೋಡಿ, ಸುಡದೆ ತಡೆಯುವಷ್ಟು ಬಿಸಿ ಇದ್ದರೆ ಸರಿ. ನೋವಿನಲ್ಲಿರುವವರಿಗೆ ಬಿಸಿಯ ಅಂದಾಜು ಸಿಗದೆ ಬೊಬ್ಬೆ ಬರುವಷ್ಟು ಸುಟ್ಟುಕೊಳ್ಳುತ್ತಾರೆ. ಬಿಸಿನೀರು ಸಿಗದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕರಗಿದ ನೀರು ಚರ್ಮಕ್ಕೆ ಇಳಿಯದಂತೆ ನೋಡಿಕೊಳ್ಳಿ. ಕಣ್ಣಿಗೆ ತಾಗಿದ್ದರೆ ಮಾತ್ರ ಲೆಕ್ಕವೇ ಬೇರೆ: ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು, ವಿನೆಗರ್ ಕಣ್ಣಿನ ಹತ್ತಿರವೂ ಬರಕೂಡದು.

ವಿನೆಗರ್ ವಿಷಯದಲ್ಲೇ ಜನ ಹೆಚ್ಚು ಎಡವುವುದು. ಅದು ನೋವಿನ ಔಷಧಿ ಅಲ್ಲ, ಸಿಡಿಯದ ಕೋಶಗಳನ್ನು ಅಲ್ಲಿಗೇ ನಿಲ್ಲಿಸುವ ಉಪಾಯ, ಅದೂ ಎಲ್ಲ ಜಾತಿಗೂ ಅಲ್ಲ. ಚೌಕ ಗಂಟೆಯಾಕಾರದ ಬಾಕ್ಸ್ ಜೆಲ್ಲಿಮೀನುಗಳಿರುವ ಬೆಚ್ಚನೆಯ ಕಡಲುಗಳಲ್ಲಿ ಎಳೆ ಮುಟ್ಟುವ ಮೊದಲೇ 30 ಸೆಕೆಂಡ್ ವಿನೆಗರ್ ಸುರಿಯಬೇಕು. ಮನೆಯಲ್ಲಿ ಬಳಸುವ, 4ರಿಂದ 6 ಶೇಕಡ ಅಸಿಟಿಕ್ ಆಮ್ಲದ್ದೇ ಆಗುತ್ತದೆ. ನೀರ ಮೇಲೆ ನೀಲಿ ಬುರುಗಿನಂತೆ ತೇಲುವ ಬ್ಲೂಬಾಟಲ್‌ಗೆ ವಿನೆಗರ್ ಹಾಕಬೇಡಿ ಎಂಬುದು ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆಯ ಸೂಚನೆ; ಅದಕ್ಕೆ ಸಮುದ್ರದ ನೀರು, ಆಮೇಲೆ ಬಿಸಿನೀರು. ಮೆಡಿಟರೇನಿಯನ್‌ನಲ್ಲಿ ಹೆಚ್ಚಾಗಿ ಸಿಗುವ ನೇರಳೆ ಬಣ್ಣದ ಪೆಲೇಜಿಯಾ ಎಂಬ ಜೆಲ್ಲಿಮೀನಿಗೂ ವಿನೆಗರ್ ಬೇಡ. ಅಲ್ಲಿ ಅಡಿಗೆ ಸೋಡ ಮತ್ತು ಸಮುದ್ರದ ನೀರನ್ನು ಸಮಸಮ ಬೆರೆಸಿ ಹಚ್ಚುತ್ತಾರೆ. ಆದ್ದರಿಂದ ನೀರಿಗಿಳಿಯುವ ಮೊದಲೇ ಲೈಫ್‌ಗಾರ್ಡ್‌ಗಳನ್ನು ಕೇಳಿ: ಇಲ್ಲಿ ಯಾವ ಜಾತಿ ಬರುತ್ತದೆ, ವಿನೆಗರ್ ಎಲ್ಲಿಟ್ಟಿದ್ದೀರಿ?

ಆಸ್ಟ್ರೇಲಿಯಾದ ಉತ್ತರ ಕರಾವಳಿಯ ಕೈರೊನೆಕ್ಸ್ ಫ್ಲೆಕೆರಿ ಎಂಬ ಬಾಕ್ಸ್ ಜೆಲ್ಲಿಮೀನು ಮೈತುಂಬ ಕುಟುಕಿದರೆ ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲಬಹುದು. ಅಲ್ಲಿ ಮೊದಲು ಆಂಬ್ಯುಲೆನ್ಸ್‌ಗೆ ಕರೆ. ಉಸಿರಾಟ ನಿಂತಿದ್ದರೆ ತಕ್ಷಣ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದು. ಅದೇ ಕಡಲಿನ ಇರುಕಾಂಜಿ ಎಂಬ ಪುಟ್ಟ ಜೆಲ್ಲಿಮೀನು ಇನ್ನೂ ಮೋಸಗೊಳಿಸುವಂಥದ್ದು. ಗಂಟೆಯಂಥ ಮೈಯ ಅಗಲ ಸುಮಾರು ಒಂದು ಸೆಂಟಿಮೀಟರ್, ಕುಟುಕು ಸೊಳ್ಳೆ ಕಡಿತಕ್ಕಿಂತ ಹೆಚ್ಚೇನೂ ಅನ್ನಿಸುವುದಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಬೆನ್ನು, ಹೊಟ್ಟೆ ಹಿಂಡುವ ನೋವು, ಬೆವರು, ವಾಂತಿ, ಏರುವ ರಕ್ತದೊತ್ತಡ, ಸಾಯುತ್ತೇನೆಂಬ ಭಯ ಶುರುವಾಗುತ್ತದೆ. ‘ಏನಾಗಿಲ್ಲ’ ಎಂದು ಮತ್ತೆ ನೀರಿಗಿಳಿದವರಿಗೆ ಇದು ಆಳದಲ್ಲಿದ್ದಾಗ ಶುರುವಾದರೆ ಬದುಕುವುದೇ ಕಷ್ಟ. ಎಲ್ಲೇ ಆಗಲಿ, ಉಸಿರಾಟಕ್ಕೆ ತೊಂದರೆ, ಎದೆನೋವು, ಮುಖ ಅಥವಾ ಕತ್ತಿಗೆ ಕುಟುಕು, ಅರ್ಧ ಕಾಲಿಗಿಂತ ಹೆಚ್ಚು ಜಾಗದಲ್ಲಿ ಬಾಸುಂಡೆ, ಕುಟುಕಿಸಿಕೊಂಡವರು ಚಿಕ್ಕ ಮಗು: ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೊರಡಿ.

ತಪ್ಪಿಸಿಕೊಳ್ಳಲು ಇರುವ ದಾರಿ ಕೆಲವೇ. ಅಪಾಯದ ಕಡಲಜೀವಿಗಳಿವೆ ಎಂದು ಎಚ್ಚರಿಸುವ ನೇರಳೆ ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬೇಡಿ. ಗಾಳಿ ಸಮುದ್ರದಿಂದ ದಡದ ಕಡೆ ಜೋರಾಗಿ ಬೀಸಿದ ಮೇಲೆ ಬ್ಲೂಬಾಟಲ್‌ಗಳು ಗುಂಪಾಗಿ ತೇಲಿ ಬರುತ್ತವೆ. ಮರಳಿನ ಮೇಲೆ ಒಂದೆರಡು ಕಂಡರೂ ಅಂದಿನ ಈಜು ಬಿಡಿ. ಮೈಮುಚ್ಚುವ ತೆಳು ಲೈಕ್ರಾ ಸೂಟ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಮನೆಗೆ ಬಂದ ಮೇಲೆ ಈಜುಡುಗೆಯನ್ನು ಬಿಸಿನೀರು, ಸೋಪು ಹಾಕಿ ಒಗೆಯಿರಿ, ನೂಲಿನ ಸಂದಿಯಲ್ಲಿ ಸಿಡಿಯದ ಕೋಶಗಳು ಉಳಿದು ಮತ್ತೆ ತೊಟ್ಟಾಗ ಕುಟುಕಬಹುದು. ಬಾಸುಂಡೆ ಇಳಿದು ಒಂದೆರಡು ವಾರದ ನಂತರ ಅದೇ ಜಾಗದಲ್ಲಿ ತುರಿಕೆ, ದದ್ದು ಎದ್ದರೆ ಗಾಬರಿ ಬೇಡ, ತಡವಾಗಿ ಬರುವ ಅಲರ್ಜಿ ಅದು. ಕೆರೆಯದೆ ವೈದ್ಯರಿಗೆ ತೋರಿಸಿ, ಕೀವು ಕಂಡರಂತೂ ಅಂದೇ ಹೋಗಿ.